ಯಾರದೂ ಅಲ್ಲದ ಕೆಲಸ: ಸಂಸ್ಥೆಯೊಳಗೇ ಬೆಳೆಯಬಯಸುವವರಿಗೆ ಪ್ರಾಜೆಕ್ಟ್ ನಿರ್ವಹಣೆಯ ಮಾರ್ಗದರ್ಶಿ

ಚಿಕ್ಕಮಗಳೂರಿನ ಕಾಫಿಯ ಹೊಟ್ಟು ತೆಗೆದು ದರ್ಜೆ ಮಾಡುವ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ನಾನು ಸ್ಟೋರ್ಸ್ ವಿಭಾಗದ ಸಹಾಯಕನಾಗಿದ್ದಾಗ, ಬೀಜವನ್ನು ಬಣ್ಣ ನೋಡಿ ಬೇರ್ಪಡಿಸುವ ಕಲರ್ ಸಾರ್ಟರ್ ಯಂತ್ರವೊಂದು ಅಕ್ಟೋಬರ್ 22ರಂದು ಲಾರಿಯಿಂದ ಇಳಿಯಿತು. ಅದನ್ನು ಕೂರಿಸುವ ಪಾಯ ಸಿದ್ಧವಾಗಿತ್ತು, ಹೆಚ್ಚುವರಿ ವಿದ್ಯುತ್ ಲೋಡ್ ಮಂಜೂರಾಗಿತ್ತು, ಬೀಜವನ್ನು ಮೇಲಕ್ಕೆ ಸಾಗಿಸುವ ಎಲಿವೇಟರ್ ಜೋಡಿಸುವವರು ಬಂದು ಅಳತೆ ತೆಗೆದುಕೊಂಡು ಹೋಗಿದ್ದರು. ಅಷ್ಟೆಲ್ಲ ಆಗಿಯೂ ಆ ಯಂತ್ರ ಸರಿಯಾಗಿ ಓಡಿದ್ದು ಜನವರಿ 9ಕ್ಕೆ, ಆ ವೇಳೆಗೆ ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ, ಒಳಹೊಟ್ಟು ಇನ್ನೂ ಇರುವ ಬೀಜ) ಚೀಲಗಳು ಗೋದಾಮಿನ ಬಾಗಿಲವರೆಗೆ ಪೇರಿಸಿಕೊಂಡಿದ್ದವು. ಕಾರಣ ಬಹಳ ಸಣ್ಣದು. ಕಲರ್ ಸಾರ್ಟರ್ ಕೆಟ್ಟ ಕಾಳನ್ನು ಗುರುತಿಸಿ ಗಾಳಿಯ ಒತ್ತಡದಿಂದ ಪಕ್ಕಕ್ಕೆ ಚಿಮ್ಮಿಸುತ್ತದೆ. ಆ ಗಾಳಿಗೆ ಕಂಪ್ರೆಸರ್ ಬೇಕು. ಕಂಪ್ರೆಸರ್ ಅನ್ನು ಯಾರೂ ಆರ್ಡರ್ ಮಾಡಿರಲಿಲ್ಲ.

ಖರೀದಿ ವಿಭಾಗದವರು ಅದು ಯಂತ್ರದ ಜೊತೆಗೇ ಬರುತ್ತದೆಂದು ತಿಳಿದಿದ್ದರು. ಎಲೆಕ್ಟ್ರಿಕಲ್ ವಿಭಾಗದವರು ಅದು ಮೆಕ್ಯಾನಿಕಲ್ ವಿಭಾಗದ ಸಾಮಾನೆಂದು ಬಿಟ್ಟಿದ್ದರು. ಮೆಕ್ಯಾನಿಕಲ್ ವಿಭಾಗದವರನ್ನು ಯಾರೂ ಕೇಳಿರಲಿಲ್ಲ. ಸ್ಟೋರ್ಸ್‌ನಲ್ಲಿ ಕುಳಿತಿದ್ದ ನಾನು, ಬರಬೇಕಾದ ಸಾಮಾನಿನ ಪಟ್ಟಿಯಲ್ಲಿ ಕಂಪ್ರೆಸರ್ ಇಲ್ಲದ್ದನ್ನು ಆಗಸ್ಟ್ ತಿಂಗಳಲ್ಲೇ ಗಮನಿಸಿ, ದೊಡ್ಡವರು ಯೋಚಿಸಿಯೇ ಇರುತ್ತಾರೆಂದು ಸುಮ್ಮನಿದ್ದೆ. ಆ ವರ್ಷ ಕೆಟ್ಟ ಕಾಳನ್ನು ಹಿಂದಿನಂತೆಯೇ ಹೆಣ್ಣುಮಕ್ಕಳು ಸಾಲಾಗಿ ಕುಳಿತು ಕೈಯಿಂದ ಆರಿಸಿದರು, ಹೊಸ ಯಂತ್ರ ಟಾರ್ಪಾಲಿನ ಕೆಳಗೆ ಮಲಗಿತ್ತು.

ಸಂಸ್ಥೆಯೊಂದರಲ್ಲಿ ವಿಭಾಗ ವಿಭಾಗಗಳ ನಡುವೆ ಬಿದ್ದಿರುವ, ಯಾರ ಹೆಸರಿನಲ್ಲೂ ಬರೆಯದ ಇಂತಹ ಕೆಲಸವನ್ನು ಹೆಕ್ಕಿ, ಹೆಸರು ಮತ್ತು ದಿನಾಂಕ ಹಚ್ಚಿ ಮುಗಿಸುವ ವಿದ್ಯೆಗೆ ಪ್ರಾಜೆಕ್ಟ್ ನಿರ್ವಹಣೆ ಎನ್ನುತ್ತಾರೆ. ಹಾಸನದ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಾಗಲಿ ನಮ್ಮ ಕ್ಯೂರಿಂಗ್ ವರ್ಕ್ಸ್‌ಗಳಲ್ಲಾಗಲಿ ಹುದ್ದೆಯ ಮೆಟ್ಟಿಲುಗಳು ಕಡಿಮೆ. ಸಹಾಯಕ, ಸೂಪರ್‌ವೈಸರ್, ಮ್ಯಾನೇಜರ್ ಎಂಬಲ್ಲಿಗೆ ಏಣಿ ಮುಗಿಯುತ್ತದೆ, ಮೇಲಿನವರು ನಿವೃತ್ತರಾಗುವವರೆಗೆ ಕೆಳಗಿನವರು ಕಾಯುತ್ತಾರೆ. ಕಾಯಲಾರದವರು ಬೆಂಗಳೂರಿಗೆ ಹೊರಡುತ್ತಾರೆ, 2017ರಲ್ಲಿ ಶ್ರವಣಬೆಳಗೊಳ ಮತ್ತು ಕುಣಿಗಲ್ ಮೂಲಕ ಹಾಸನ–ಬೆಂಗಳೂರು ನೇರ ರೈಲು ಮಾರ್ಗ ತೆರೆದ ಮೇಲಂತೂ ಹೊರಡುವುದು ಇನ್ನಷ್ಟು ಸಲೀಸಾಗಿದೆ. ಹೊರಡುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಇದ್ದಲ್ಲಿಯೇ ಬೆಳೆಯಬೇಕೆನ್ನುವವರಿಗೆ ಹುದ್ದೆ ಖಾಲಿಯಾಗುವುದನ್ನು ಕಾಯುವುದಕ್ಕಿಂತ ಹತ್ತಿರದ ದಾರಿಯೊಂದಿದೆ, ಅದನ್ನು ನಾನು ನಡೆದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಮೊದಲ ಹೆಜ್ಜೆ: ನಿತ್ಯದ ಕೆಲಸ ಯಾವುದು, ಪ್ರಾಜೆಕ್ಟ್ ಯಾವುದು ಎಂದು ಬೇರ್ಪಡಿಸಿಕೊಳ್ಳಿ

ಕನ್ನಡದಲ್ಲಿ ‘ಯೋಜನೆ’ ಎಂಬ ಒಂದೇ ಪದ ಮಾಡಬೇಕಾದ ಕೆಲಸಕ್ಕೂ ಅದನ್ನು ಮಾಡುವ ಕ್ರಮದ ಲೆಕ್ಕಾಚಾರಕ್ಕೂ ಸಲ್ಲುತ್ತದೆ, ಅದರಿಂದಾಗಿ ಮಾತು ಕಲಸಿಹೋಗುತ್ತದೆ. ಆದ್ದರಿಂದ ಈ ಲೇಖನದಲ್ಲಿ ಕೆಲಸವನ್ನು ಪ್ರಾಜೆಕ್ಟ್ ಎಂದೂ ಅದರ ಲೆಕ್ಕಾಚಾರವನ್ನು ಯೋಜನೆ ಎಂದೂ ಕರೆಯುತ್ತೇನೆ. ಪ್ರಾಜೆಕ್ಟ್‌ಗೆ ಆರಂಭವೂ ಅಂತ್ಯವೂ ಇರುತ್ತದೆ, ಅದು ಮುಗಿದಾಗ ಹಿಂದೆ ಇಲ್ಲದಿದ್ದ ಒಂದು ವಸ್ತುವೋ ವ್ಯವಸ್ಥೆಯೋ ಉಳಿದಿರುತ್ತದೆ. ನಿತ್ಯದ ಕೆಲಸಕ್ಕೆ ಅಂತ್ಯವಿಲ್ಲ, ಇಂದು ಮುಗಿದದ್ದು ನಾಳೆ ಮತ್ತೆ ಬರುತ್ತದೆ.

ಹಾಸನದವರಿಗೆ ಇದರ ಒಳ್ಳೆಯ ಉದಾಹರಣೆ ಮನೆಯ ಬಾಗಿಲಲ್ಲೇ ಇದೆ. 1982ರಿಂದ ಅಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವು, ಉಡಾವಣೆಯಾದ ಸಂವಹನ ಉಪಗ್ರಹವನ್ನು ಹಂತ ಹಂತವಾಗಿ ಅದರ ಕಕ್ಷೆಗೆ ಏರಿಸಿ ಕೂರಿಸುವುದು ಪ್ರಾಜೆಕ್ಟ್‌ನ ಸ್ವಭಾವದ ಕೆಲಸ. ಅನಂತರ ಅದೇ ಉಪಗ್ರಹವನ್ನು ವರ್ಷಗಟ್ಟಲೆ ಹಗಲಿರುಳು ಕಾಯುವುದು ನಿತ್ಯದ ಕೆಲಸ. ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನ ಪಾದಪೂಜೆ ಪ್ರತಿದಿನವೂ ನಡೆಯುತ್ತದೆ. ಆದರೆ 2006ರಲ್ಲಿ, ಮತ್ತೆ 2018ರಲ್ಲಿ ನಡೆದಂತಹ ಮಹಾಮಸ್ತಕಾಭಿಷೇಕಕ್ಕೆ ಬೆಟ್ಟದ ಮೇಲೆ ಅಟ್ಟಣಿಗೆ ಕಟ್ಟಬೇಕು, ಕೆಳಗೆ ತಾತ್ಕಾಲಿಕ ನಗರಗಳನ್ನೇ ಎಬ್ಬಿಸಬೇಕು, ನೀರು, ರಸ್ತೆ, ಪೊಲೀಸ್, ಆರೋಗ್ಯ ಎಂದು ಹತ್ತಾರು ಇಲಾಖೆಗಳು ನಿಶ್ಚಿತ ಮುಹೂರ್ತಕ್ಕೆ ಕೂಡಿ ನಡೆಯಬೇಕು. ಅದು ಪ್ರಾಜೆಕ್ಟ್.

ನಿಮ್ಮ ಸಂಸ್ಥೆಯಲ್ಲಿ ಈಗ ನಡೆಯುತ್ತಿರುವ ಕೆಲಸಗಳನ್ನು ಒಂದು ಹಾಳೆಯ ಮೇಲೆ ಬರೆದು ಈ ದೃಷ್ಟಿಯಿಂದ ನೋಡಿರಿ. ತೋಟದಲ್ಲಿ ಹಣ್ಣು ಕೊಯ್ಯಿಸುವುದು ಪ್ರತಿ ವರ್ಷದ ಕೆಲಸ. ಹಣ್ಣಿನ ಸಿಪ್ಪೆ ಸುಲಿಯುವ ಹಳೆಯ ಪಲ್ಪರ್ ಯಂತ್ರ ತೆಗೆದು ಹೊಸದನ್ನು ಹಾಕುವುದು ಪ್ರಾಜೆಕ್ಟ್. ಅದರಲ್ಲೂ ಅದು ದಿನಾಂಕ ಜಾರಿಸಲಾಗದ ಪ್ರಾಜೆಕ್ಟ್, ಏಕೆಂದರೆ ಕೊಯ್ದ ಹಣ್ಣು ಅದೇ ದಿನ ಪಲ್ಪ್ ಆಗಬೇಕು, ನವೆಂಬರಿನಲ್ಲಿ ಕೆಂಪಾಗುವ ಹಣ್ಣು ನಮ್ಮ ಖರೀದಿ ಆದೇಶವನ್ನು ಕಾಯುವುದಿಲ್ಲ.

ಎರಡನೆಯ ಹೆಜ್ಜೆ: ಸಣ್ಣದೊಂದನ್ನು ಆರಿಸಿ, ಕೇಳಿ ಪಡೆಯಿರಿ

ಮೊದಲ ಪ್ರಾಜೆಕ್ಟ್ ಎರಡು ಮೂರು ತಿಂಗಳಲ್ಲಿ ಮುಗಿಯುವಂಥದ್ದಾಗಿರಲಿ, ಕನಿಷ್ಠ ಎರಡು ವಿಭಾಗಗಳಿಗೆ ಸಂಬಂಧಿಸಿದ್ದಾಗಿರಲಿ, ಅದರ ತೊಂದರೆಯನ್ನು ಮೇಲಿನವರು ಈಗಾಗಲೇ ಅನುಭವಿಸುತ್ತಿರಲಿ. ನಾನು ಮರುವರ್ಷ ಆರಿಸಿಕೊಂಡದ್ದು ಗೋದಾಮಿನ ದಾಸ್ತಾನು ಪುಸ್ತಕವನ್ನು ಕಂಪ್ಯೂಟರಿಗೆ ತರುವ ಕೆಲಸ. ಕ್ಯೂರಿಂಗ್ ವರ್ಕ್ಸ್‌ಗೆ ಬೆಳೆಗಾರರು ತಂದ ಪಾರ್ಚ್‌ಮೆಂಟ್ ಮತ್ತು ಚೆರ್ರಿಯನ್ನು (ಹಣ್ಣಿನ ಸಮೇತ ಒಣಗಿಸಿದ ಕಾಫಿ) ಲಾಟ್ ಲಾಟ್ ಆಗಿ ಇಡಬೇಕು, ಹೊಟ್ಟು ತೆಗೆಯುವ ಹಲ್ಲಿಂಗ್ ಮತ್ತು ಗ್ರೇಡಿಂಗ್ ಆದ ಮೇಲೆ ಯಾವ ಲಾಟ್‌ನಿಂದ ಯಾವ ದರ್ಜೆಯ ಬೀಜ ಎಷ್ಟು ಬಂತೆಂಬ ಔಟ್‌ಟರ್ನ್ ಹೇಳಬೇಕು. ಬೆಳೆಗಾರರು ಬಂದು ತಮ್ಮ ಲಾಟ್‌ನ ಲೆಕ್ಕ ಕೇಳಿದರೆ ಪುಸ್ತಕಗಳನ್ನು ತಿರುವಿ ಹೇಳಲು ನಮಗೆ ಅರ್ಧ ದಿನ ಹಿಡಿಯುತ್ತಿತ್ತು, ಅವರು ಮ್ಯಾನೇಜರರ ಕೋಣೆಯಲ್ಲಿ ಕುಳಿತು ಗೊಣಗುತ್ತಿದ್ದರು. ತೊಂದರೆ ಮ್ಯಾನೇಜರರ ಕಿವಿಗೇ ಬೀಳುತ್ತಿದ್ದುದರಿಂದ ಅನುಮತಿ ಸುಲಭವಾಗಿ ಸಿಕ್ಕಿತು.

ಕೇಳುವ ರೀತಿಯೂ ಮುಖ್ಯ. ‘ನನಗೆ ದೊಡ್ಡ ಜವಾಬ್ದಾರಿ ಕೊಡಿ ಸಾರ್’ ಎಂದರೆ ಯಾರಿಗೂ ಏನು ಕೊಡಬೇಕೆಂದು ತಿಳಿಯುವುದಿಲ್ಲ. ‘ಈ ಕೆಲಸ ಹೀಗಿದೆ, ಇದರಿಂದ ಇಷ್ಟು ಹೊತ್ತು ಹಾಳಾಗುತ್ತಿದೆ, ವಾರಕ್ಕೆ ಆರು ಗಂಟೆ ಕೊಟ್ಟರೆ ನಾನು ಮೂರು ತಿಂಗಳಲ್ಲಿ ಮುಗಿಸಬಲ್ಲೆ’ ಎಂದು ಹೇಳಿರಿ.

ಮೂರನೆಯ ಹೆಜ್ಜೆ: ಒಂದು ಪುಟದಲ್ಲಿ ಬರೆದು ಒಪ್ಪಿಗೆ ತೆಗೆದುಕೊಳ್ಳಿ

ಒಂದೇ ಪುಟ ಸಾಕು, ಎರಡಾದರೆ ಯಾರೂ ಓದುವುದಿಲ್ಲ. ಅದರಲ್ಲಿ ಈ ಕೆಲಸ ಏಕೆ, ಮುಗಿದಾಗ ಕೈಗೆ ಏನು ಬರುತ್ತದೆ, ಯಾವ ದಿನಕ್ಕೆ, ಎಷ್ಟು ಹಣದಲ್ಲಿ, ಕೊನೆಯ ತೀರ್ಮಾನ ಯಾರದು ಎಂಬುದು ಇರಬೇಕು. ಇವೆಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳ ಸಾಲು ‘ಈ ಕೆಲಸದಲ್ಲಿ ಏನು ಸೇರಿಲ್ಲ’ ಎಂಬುದು. ನನ್ನ ಪುಟದಲ್ಲಿ ಆ ಸಾಲು ಹೀಗಿತ್ತು: ‘ಈ ವರ್ಷ ಬಂದ ಚೀಲಗಳ ಲಾಟ್ ವಿವರ ಮಾತ್ರ, ಹಳೆಯ ವರ್ಷಗಳ ದಾಖಲೆಯೂ ಲೆಕ್ಕಪತ್ರ ವಿಭಾಗದ ಬಿಲ್ಲಿಂಗೂ ಇದರಲ್ಲಿ ಸೇರಿಲ್ಲ.’ ಬಾಯಿಮಾತಿನ ಒಪ್ಪಿಗೆಯನ್ನು ನಂಬಿ ಆರಂಭಿಸಬೇಡಿ. ಸಹಿ ಕೇಳಲು ಸಂಕೋಚವಾದರೆ, ಮಾತನಾಡಿದ್ದನ್ನೇ ಇಮೇಲ್‌ನಲ್ಲಿ ಬರೆದು ಕಳುಹಿಸಿ ‘ಸರಿ’ ಎಂಬ ಒಂದು ಪದದ ಉತ್ತರವನ್ನಾದರೂ ಪಡೆಯಿರಿ. ಮುಂದೆ ಎಷ್ಟೋ ಜಗಳಗಳು ಆ ಒಂದು ಪದದಿಂದ ತಪ್ಪುತ್ತವೆ.

ನಾಲ್ಕನೆಯ ಹೆಜ್ಜೆ: ಕೆಲಸವನ್ನು ಒಡೆದು, ಯಾವುದು ಯಾವುದನ್ನು ಕಾಯುತ್ತದೆಂದು ಲೆಕ್ಕ ಹಾಕಿ

ಹೆಚ್ಚಿನವರು ಅವಸರದಲ್ಲಿ ದಾಟಿಬಿಡುವ ಹೆಜ್ಜೆ ಇದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ಕೆಲಸವನ್ನು ಒಬ್ಬರು ಒಂದೆರಡು ವಾರದಲ್ಲಿ ಮುಗಿಸಬಹುದಾದ ತುಂಡುಗಳಾಗಿ ಒಡೆಯಿರಿ. ಹೊರಗಿನಿಂದ ಬರಬೇಕಾದ ಸಾಮಾನಿದ್ದರೆ ಪ್ರತಿಯೊಂದೂ ಒಂದು ಪ್ರತ್ಯೇಕ ತುಂಡು. ಪ್ರತಿ ತುಂಡಿಗೂ ಎಷ್ಟು ದಿನ ಬೇಕು, ಅದು ಆರಂಭವಾಗಲು ಯಾವುದು ಮುಗಿದಿರಬೇಕು ಎಂದು ಬರೆಯಿರಿ. ಅದನ್ನು ದಿನಗಳ ಉದ್ದಕ್ಕೆ ಪಟ್ಟಿಗಳಾಗಿ ಎಳೆದರೆ, ಅಮೆರಿಕದ ಎಂಜಿನಿಯರ್ ಹೆನ್ರಿ ಗ್ಯಾಂಟ್ 1910ರ ದಶಕದಲ್ಲಿ ಬಳಕೆಗೆ ತಂದ, ಅವರ ಹೆಸರಿನಿಂದಲೇ ಇಂದಿಗೂ ಕರೆಸಿಕೊಳ್ಳುವ ಗ್ಯಾಂಟ್ ಚಾರ್ಟ್ ಆಗುತ್ತದೆ. ಅದರಲ್ಲಿ ಒಂದನ್ನೊಂದು ಕಾಯುವ ತುಂಡುಗಳ ಅತಿ ಉದ್ದದ ಸರಪಳಿಯನ್ನು ಹುಡುಕುವ ವಿಧಾನ 1950ರ ದಶಕದ ಕೊನೆಯಲ್ಲಿ ಡುಪಾಂಟ್ ಕಂಪನಿಯ ರಾಸಾಯನಿಕ ಕಾರ್ಖಾನೆಗಳ ಕೆಲಸಕ್ಕಾಗಿ ರೂಪುಗೊಂಡಿತು. ಅದನ್ನು ಕ್ರಿಟಿಕಲ್ ಪಾತ್ ಎನ್ನುತ್ತಾರೆ. ಆ ಸರಪಳಿಯಲ್ಲಿ ಒಂದು ದಿನ ತಡವಾದರೆ ಇಡೀ ಕೆಲಸ ಒಂದು ದಿನ ತಡವಾಗುತ್ತದೆ.

ನಮ್ಮ ಕಲರ್ ಸಾರ್ಟರ್‌ನ ಲೆಕ್ಕವನ್ನು, ಎಲ್ಲ ಮುಗಿದ ಮೇಲೆ, ನಾನೊಬ್ಬನೇ ಕುಳಿತು ಹಾಕಿದ್ದೆ. ಯಂತ್ರ ಬರಲು 75 ದಿನ, ಕಂಪ್ರೆಸರ್ ಬರಲು 60, ವಿದ್ಯುತ್ ಲೋಡ್ ಮಂಜೂರಾಗಲು 40, ಪಾಯಕ್ಕೆ 16. ಈ ನಾಲ್ಕೂ ಮುಗಿದ ಮೇಲೆ ಜೋಡಣೆಗೆ 10 ದಿನ, ಪ್ರಯೋಗದ ಓಟಕ್ಕೆ 7 ದಿನ. ಅತಿ ಉದ್ದದ ಸರಪಳಿ ಯಂತ್ರದ್ದು, 75, 10 ಮತ್ತು 7 ಸೇರಿ 92 ದಿನ. ಆಗಸ್ಟ್ 8ರಂದು ಆರ್ಡರ್ ಆಗಿದ್ದರಿಂದ ನವೆಂಬರ್ 8ಕ್ಕೆ ಎಲ್ಲವೂ ಮುಗಿಯಬೇಕಿತ್ತು. ಕಂಪ್ರೆಸರ್‌ಗೆ ಇದ್ದ ಸಡಿಲ (ತಡಮಾಡಬಹುದಾದ ದಿನಗಳು) 75ರಲ್ಲಿ 60 ಕಳೆದು 15 ದಿನ ಮಾತ್ರ, ಅಂದರೆ ಅದು ಆಗಸ್ಟ್ 23ರೊಳಗೆ ಆರ್ಡರ್ ಆಗಬೇಕಿತ್ತು. ನಾವು ಆರ್ಡರ್ ಮಾಡಿದ್ದು, ಯಂತ್ರ ಬಂದು ಎರಡು ದಿನ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡ ಮೇಲೆ, ಅಕ್ಟೋಬರ್ 24ಕ್ಕೆ. ಆಗಸ್ಟ್ 23ರಿಂದ ಅಲ್ಲಿಗೆ 62 ದಿನ. ನವೆಂಬರ್ 8ರಿಂದ ಜನವರಿ 9ಕ್ಕೂ ಸರಿಯಾಗಿ 62 ದಿನ. ಅಷ್ಟು ದುಬಾರಿ ಯಂತ್ರವನ್ನು ನಿಲ್ಲಿಸಿದ್ದು ಯಾವ ತಾಂತ್ರಿಕ ದೋಷವೂ ಅಲ್ಲ, ಹಾಕಬೇಕಾದ ಹೊತ್ತಿನಲ್ಲಿ ಹಾಕದ ಒಂದು ಕೂಡಿಸುವ ಲೆಕ್ಕ ಎಂದು ಆ ಹಾಳೆ ತೋರಿಸಿತು. ಅದು ಇಂದಿಗೂ ನನ್ನ ಬಳಿ ಇದೆ.

ಪಾಯಕ್ಕೆ 16 ದಿನ ಎಂಬ ಅಂಕಿ ಎಲ್ಲಿಂದ ಬಂತೆಂದು ಕೇಳಬಹುದು. ಮಳೆಗಾಲದ ಮಲೆನಾಡಿನಲ್ಲಿ ಕಾಂಕ್ರೀಟ್ ಕೆಲಸಕ್ಕೆ ಒಂದೇ ಅಂಕಿ ಹೇಳುವುದು ಸುಳ್ಳು ಹೇಳಿದಂತೆ. 1958ರಲ್ಲಿ ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿ ಕಾರ್ಯಕ್ರಮಕ್ಕಾಗಿ ರೂಪಿಸಿದ ಪರ್ಟ್ ವಿಧಾನ ಇಲ್ಲಿ ನೆರವಿಗೆ ಬರುತ್ತದೆ. ಎಲ್ಲವೂ ಸರಿಯಾದರೆ 10 ದಿನ, ಸಾಮಾನ್ಯವಾಗಿ 14, ಮಳೆ ಹಿಡಿದರೆ 30 ಎಂದು ಮೂರು ಅಂಕಿ ಕೇಳಿರಿ. ನಡುವಿನದನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಿರಿ. 96ನ್ನು ಆರರಿಂದ ಭಾಗಿಸಿದರೆ 16. ಮೇಸ್ತ್ರಿಗಳಿಗೂ ಹೀಗೆ ಕೇಳಿದರೆ ಇಷ್ಟ, ಏಕೆಂದರೆ ಒಂದೇ ದಿನಾಂಕಕ್ಕೆ ಮಾತು ಕೊಟ್ಟು ಸಿಕ್ಕಿಬೀಳುವ ಭಯ ಅವರಿಗಿರುವುದಿಲ್ಲ.

ಇದಕ್ಕೆಲ್ಲ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಎಕ್ಸೆಲ್ ಹಾಳೆ ಸಾಕು. ಗೋಡೆಗೆ ಅಂಟಿಸಿದ ಡ್ರಾಯಿಂಗ್ ಶೀಟ್ ಇನ್ನೂ ಉತ್ತಮ, ಅದನ್ನು ಹೋಗಿ ಬರುವವರೆಲ್ಲ ನೋಡುತ್ತಾರೆ.

ಐದನೆಯ ಹೆಜ್ಜೆ: ಪ್ರತಿ ತುಂಡಿಗೂ ಒಂದೇ ಹೆಸರು

‘ಖರೀದಿ ವಿಭಾಗ’ ಎಂಬುದು ಹೆಸರಲ್ಲ, ‘ನಾವೆಲ್ಲ ಸೇರಿ’ ಎಂಬುದು ಅದಕ್ಕಿಂತಲೂ ಅಲ್ಲ. ಕೆಲಸ ಮಾಡುವವರು ಐದು ಜನ ಇರಬಹುದು, ಉತ್ತರ ಹೇಳುವವರು ಒಬ್ಬರೇ ಇರಬೇಕು, ಆ ಹೆಸರನ್ನು ಬರೆಯುವ ಮೊದಲು ಆ ವ್ಯಕ್ತಿಯ ಒಪ್ಪಿಗೆ ಕೇಳಿರಬೇಕು. ಸಭೆಯಲ್ಲಿ ಎಲ್ಲರೆದುರು ಹೆಸರು ಹಾಕಿದರೆ ಅವರು ತಲೆಯಾಡಿಸುತ್ತಾರೆ, ಆದರೆ ಕೆಲಸ ಕದಲುವುದಿಲ್ಲ.

ಆರನೆಯ ಹೆಜ್ಜೆ: ವಿರೋಧಿಸಬಹುದಾದವರ ಬಳಿ ಮೊದಲು ಹೋಗಿ

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ವಿಭಾಗಗಳ ನಡುವಿನ ಕೆಲಸಕ್ಕೆಂದೇ ಹುಟ್ಟಿದಂತಿದೆ. ನಮ್ಮ ಗೋದಾಮಿನ ಮೇಸ್ತ್ರಿಗಳು ನನಗಿಂತ ಇಪ್ಪತ್ತೈದು ವರ್ಷ ಹಿರಿಯರು; ಯಾವ ಬೆಳೆಗಾರರ ಯಾವ ಲಾಟ್ ಯಾವ ಮೂಲೆಯಲ್ಲಿದೆ ಎಂಬುದು ಅವರ ತಲೆಯಲ್ಲಿತ್ತು, ಉಳಿದದ್ದು ಅವರ ಕೆಂಪು ರಟ್ಟಿನ ಪುಸ್ತಕದಲ್ಲಿತ್ತು. ಕಂಪ್ಯೂಟರ್ ಬರುತ್ತದೆಂದು ಕೇಳಿದ ದಿನ ಅವರು ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು, ‘ಅಲ್ಲಪ್ಪ, ಇದು ಇಷ್ಟು ವರ್ಷದಲ್ಲಿ ಒಂದು ಚೀಲ ತಪ್ಪಿಸಿದೆಯಾ?’ ಎಂದು ಕೇಳಿದರು. ತಪ್ಪಿಸಿರಲಿಲ್ಲ. ‘ಪುಸ್ತಕ ಎಲ್ಲೂ ಹೋಗೋದಿಲ್ಲ ಮೇಸ್ತ್ರಿಗಳೇ. ನೀವು ರಜಾ ಹಾಕಿದ ದಿನ ಬೆಳೆಗಾರರು ಬಂದರೆ ಉತ್ತರ ಹೇಳೋರು ಯಾರೂ ಇಲ್ಲ, ಅದಕ್ಕೆ ಮಾತ್ರ ಇದು’ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವು ಹಿಂದಿನ ವರ್ಷ ಮಗಳ ಮದುವೆಗೆ ನಾಲ್ಕೇ ದಿನ ರಜೆ ಹಾಕಲು ಸಾಧ್ಯವಾದದ್ದನ್ನು ಹೇಳಿದರು.

ಅಂದಿನಿಂದ ಕಂಪ್ಯೂಟರಿನ ಪ್ರತಿ ನಮೂದನ್ನೂ ಅವರೇ ತಮ್ಮ ಪುಸ್ತಕದೊಂದಿಗೆ ತಾಳೆ ನೋಡಿದರು, ಎರಡು ವಾರದಲ್ಲಿ ನಮ್ಮ ಹನ್ನೊಂದು ತಪ್ಪು ಹಿಡಿದರು. ಮೇಲಿನವರ ಆದೇಶ ತೋರಿಸಿ ನಾನು ಅವರನ್ನು ಒಪ್ಪಿಸಿದ್ದರೆ ಆ ಹನ್ನೊಂದು ತಪ್ಪುಗಳು ಬೆಳೆಗಾರರ ಎದುರು ಹೊರಬೀಳುತ್ತಿದ್ದವು.

ಏಳನೆಯ ಹೆಜ್ಜೆ: ಕೆಡಬಹುದಾದದ್ದನ್ನು ಮುಂಚೆಯೇ ಬರೆದಿಡಿ

ಈ ಪಟ್ಟಿಯನ್ನು ಅಪಶಕುನವೆಂದು ಭಾವಿಸುವ ಮ್ಯಾನೇಜರರನ್ನು ನಾನು ಕಂಡಿದ್ದೇನೆ. ಅವರಿಗೆ ತೋರಿಸದಿದ್ದರೂ ನಿಮ್ಮ ಬಳಿ ಅದು ಇರಲಿ. ನಮ್ಮ ಕಡೆಯ ಪಟ್ಟಿಯಲ್ಲಿ ಕೆಲವು ಸಾಲುಗಳು ಎಂದಿಗೂ ಬದಲಾಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಗುಡ್ಡ ಕುಸಿದು ಭಾರೀ ವಾಹನ ನಿಲ್ಲಬಹುದು, ಮಂಗಳೂರು ಬಂದರಿಗೆ ಹೋಗಬೇಕಾದದ್ದೂ ಅಲ್ಲಿಂದ ಬರಬೇಕಾದದ್ದೂ ಸುತ್ತು ಹಾಕಬೇಕು. ಗೌರಿ ಗಣೇಶ, ದಸರಾ, ದೀಪಾವಳಿಗಳ ವಾರಗಳಲ್ಲಿ ಕೆಲಸಗಾರರು ಊರಿಗೆ ಹೋಗುತ್ತಾರೆ. ನವೆಂಬರಿನಿಂದ ಕೊಯ್ಲು ಹಿಡಿದರೆ ಬೇರೆ ಯಾವ ಕೆಲಸಕ್ಕೂ ಆಳು ಸಿಗುವುದಿಲ್ಲ. ಪ್ರತಿ ಸಾಲಿನ ಮುಂದೆ ಹಾಗಾದರೆ ಏನು ಮಾಡುತ್ತೇವೆ, ಅದನ್ನು ಗಮನಿಸುವವರು ಯಾರು ಎಂದು ಬರೆಯಿರಿ. ‘ಮಳೆ ಬರಬಹುದು’ ಎಂದಷ್ಟೇ ಬರೆದರೆ ಅದು ಹವಾಮಾನ ವರದಿ.

ಎಂಟನೆಯ ಹೆಜ್ಜೆ: ವಾರಕ್ಕೊಮ್ಮೆ ವರದಿ, ಕೆಟ್ಟ ಸುದ್ದಿ ಮೊದಲು

ವಾರಕ್ಕೊಮ್ಮೆ, ಒಂದೇ ದಿನ ಒಂದೇ ಹೊತ್ತಿಗೆ, ಇಪ್ಪತ್ತು ನಿಮಿಷ ಎಲ್ಲರೂ ಗೋಡೆಯ ಚಾರ್ಟ್ ಮುಂದೆ ನಿಲ್ಲಲಿ. ಕುಳಿತರೆ ಕಾಫಿ ಬರುತ್ತದೆ, ಕಾಫಿ ಬಂದರೆ ಮಾತು ಕಾಫಿಯ ದರಕ್ಕೆ ಹೋಗುತ್ತದೆ, ದರದಿಂದ ರಾಜಕೀಯಕ್ಕೆ. ಆಮೇಲೆ ಮೇಲಿನವರಿಗೆ ಕಳುಹಿಸುವ ಸಂದೇಶ ನಾಲ್ಕೇ ಸಾಲಿರಲಿ. ನಾನು ಕಳುಹಿಸುತ್ತಿದ್ದ ಒಂದು ವಾಟ್ಸಾಪ್ ಸಂದೇಶ ಹೀಗಿತ್ತು:

‘ಸಾರ್, ನಮಸ್ಕಾರ. ಈ ವಾರ ಎರಡು ಗೋದಾಮಿನ ಲಾಟ್ ನಮೂದು ಮುಗಿದಿದೆ. ಮೂರನೆಯದು ನಾಲ್ಕು ದಿನ ತಡವಾಗಲಿದೆ, ಅಲ್ಲಿನ ತೂಕದ ಚೀಟಿಗಳು ಮಳೆಯಲ್ಲಿ ನೆನೆದು ಓದಲಾಗುತ್ತಿಲ್ಲ. ಮೇಸ್ತ್ರಿಗಳು ಮತ್ತೆ ತೂಗಿಸೋಣ ಎನ್ನುತ್ತಿದ್ದಾರೆ. ಅದಕ್ಕೆ ಆರು ಆಳು ಎರಡು ದಿನ ಬೇಕು, ಗುರುವಾರದೊಳಗೆ ತಾವು ಅನುಮತಿ ಕೊಟ್ಟರೆ ಕೊನೆಯ ದಿನಾಂಕ ಬದಲಾಗುವುದಿಲ್ಲ.’

ಇದರಲ್ಲಿ ತಡವಾದದ್ದು ಅಡಗಿಲ್ಲ, ಕಾರಣವಿದೆ, ಮದ್ದಿದೆ, ಯಾರು ಯಾವ ದಿನದೊಳಗೆ ಏನು ತೀರ್ಮಾನಿಸಬೇಕೆಂಬುದಿದೆ. ಅನುಭವಿ ಮೇಲಧಿಕಾರಿಗಳು ಕೆಟ್ಟ ಸುದ್ದಿಗೆ ಅಷ್ಟಾಗಿ ಕೋಪಿಸಿಕೊಳ್ಳುವುದಿಲ್ಲ. ತಡವಾಗಿ ಬಂದ ಕೆಟ್ಟ ಸುದ್ದಿಗೆ ಕೋಪಿಸಿಕೊಳ್ಳುತ್ತಾರೆ. ಆಗಸ್ಟಿನಲ್ಲಿ ಕಂಪ್ರೆಸರ್ ಬಗ್ಗೆ ನಾನು ಬಾಯಿ ಬಿಟ್ಟಿದ್ದರೆ ಅದು ಒಂದು ಪ್ರಶ್ನೆಯಷ್ಟೇ ಆಗಿರುತ್ತಿತ್ತು.

ಒಂಬತ್ತನೆಯ ಹೆಜ್ಜೆ: ನಡುವೆ ಸೇರಿಸಲು ಬರುವವರಿಗೆ ಬೆಲೆ ಹೇಳಿ

ಕೆಲಸ ಚೆನ್ನಾಗಿ ನಡೆಯುತ್ತಿದ್ದರೆ ಅದಕ್ಕೆ ಇನ್ನಷ್ಟು ಸೇರಿಸುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ಎರಡನೆಯ ತಿಂಗಳಲ್ಲಿ ಮ್ಯಾನೇಜರ್ ಕರೆದು, ‘ಹೇಗೂ ಮಾಡ್ತಿದ್ದೀರಿ, ಬಿಲ್ಲಿಂಗ್ ಕೂಡ ಇದರಲ್ಲೇ ಹಾಕಿಬಿಡಿ’ ಎಂದರು. ಆಗುವುದಿಲ್ಲ ಎನ್ನಲು ಧೈರ್ಯವಿರಲಿಲ್ಲ, ಆಗಲಿ ಎಂದರೆ ಕೆಲಸ ಮುಳುಗುತ್ತಿತ್ತು. ಮರುದಿನ ಎರಡು ಸಾಲು ಬರೆದುಕೊಂಡು ಹೋದೆ. ‘ಮಾಡಬಹುದು ಸಾರ್. ಆದರೆ ಲೆಕ್ಕಪತ್ರ ವಿಭಾಗದಿಂದ ಒಬ್ಬರು ಪೂರ್ತಿ ಹೊತ್ತು ಬೇಕು, ಕೊನೆಯ ದಿನಾಂಕ ಐದು ವಾರ ಮುಂದೆ ಹೋಗುತ್ತದೆ, ಅಷ್ಟರೊಳಗೆ ಹೊಸ ಬೆಳೆ ಬರಲು ಶುರುವಾಗಿರುತ್ತದೆ. ಇಲ್ಲವಾದರೆ ಇದನ್ನು ಮುಗಿಸಿ ಬೇಸಿಗೆಯಲ್ಲಿ ಬಿಲ್ಲಿಂಗ್ ಎತ್ತಿಕೊಳ್ಳಬಹುದು.’ ಅವರು ಬೇಸಿಗೆಯನ್ನೇ ಆರಿಸಿಕೊಂಡರು, ನನಗೆ ಎರಡನೆಯ ಪ್ರಾಜೆಕ್ಟ್ ಸಿಕ್ಕಿತು. ಮೂರನೆಯ ಹೆಜ್ಜೆಯ ಪುಟದಲ್ಲಿ ‘ಬಿಲ್ಲಿಂಗ್ ಸೇರಿಲ್ಲ’ ಎಂದು ಬರೆದಿದ್ದುದು ಅಂದು ಕೈಹಿಡಿಯಿತು.

ಆರಂಭದಲ್ಲಿ ಎಲ್ಲವನ್ನೂ ನಿರ್ಧರಿಸಲು ಸಾಧ್ಯವೇ ಇಲ್ಲದ ಕೆಲಸಗಳೂ ಇರುತ್ತವೆ. ಅವುಗಳಿಗಾಗಿ ಸಾಫ್ಟ್‌ವೇರ್ ಜನ 2001ರಲ್ಲಿ ಆಜೈಲ್ ಎಂಬ ಹೆಸರಿನಲ್ಲಿ ಸಾರಿದ ರೀತಿಯಲ್ಲಿ, ಎರಡೆರಡು ವಾರಕ್ಕೆ ಒಂದಿಷ್ಟು ಮಾಡಿ, ಬಳಸುವವರಿಗೆ ತೋರಿಸಿ, ತಿದ್ದಿಕೊಂಡು ಮುಂದುವರಿಯಬಹುದು. ಕಂಪ್ಯೂಟರಿನ ಪರದೆಗೆ ಅದು ಒಪ್ಪುತ್ತದೆ, ಕಾಂಕ್ರೀಟ್ ಪಾಯಕ್ಕೆ ಒಪ್ಪುವುದಿಲ್ಲ.

ಹತ್ತನೆಯ ಹೆಜ್ಜೆ: ಮುಗಿದದ್ದನ್ನು ಮುಗಿಯಿತೆಂದು ಬರೆಸಿಕೊಳ್ಳಿ

ನಮ್ಮಲ್ಲಿ ಕೆಲಸ ಆರಂಭಕ್ಕೆ ಪೂಜೆ ಇದೆ, ಮುಕ್ತಾಯಕ್ಕೆ ಏನೂ ಇಲ್ಲ. ಯಂತ್ರವನ್ನೋ ವ್ಯವಸ್ಥೆಯನ್ನೋ ನಿತ್ಯ ನಡೆಸುವವರಿಗೆ ಒಪ್ಪಿಸಿ, ಕೈಪಿಡಿ, ಬಿಡಿಭಾಗಗಳ ಪಟ್ಟಿ, ಕರೆ ಮಾಡಬೇಕಾದ ಸರ್ವಿಸ್‌ನವರ ವಿವರ ಕೊಟ್ಟು ಸಹಿ ಪಡೆಯಿರಿ. ಇಲ್ಲವಾದರೆ ಮೂರು ವರ್ಷದ ನಂತರವೂ ಪ್ರಿಂಟರ್ ಕೆಟ್ಟಾಗ ನಿಮ್ಮನ್ನೇ ಕರೆಯುತ್ತಾರೆ.

ಹನ್ನೊಂದನೆಯ ಹೆಜ್ಜೆ: ದಾಖಲೆಯನ್ನು ಬೆಳವಣಿಗೆಯಾಗಿ ಬದಲಿಸಿ

ಇಲ್ಲಿಯವರೆಗಿನದು ಸಂಸ್ಥೆಗೆ ಲಾಭ, ಇನ್ನು ನಿಮ್ಮದು. ಪ್ರತಿ ಪ್ರಾಜೆಕ್ಟ್ ಮುಗಿದ ವಾರವೇ, ನೆನಪು ಹಸಿಯಾಗಿರುವಾಗ, ಅರ್ಧ ಪುಟ ಬರೆದಿಡಿ. ಹೆಸರು, ಆರಂಭ ಮತ್ತು ಮುಕ್ತಾಯದ ದಿನಾಂಕ, ಎಷ್ಟು ಜನ, ಎಷ್ಟು ಹಣ, ನಿಮ್ಮ ಪಾತ್ರ, ಮೊದಲು ಹೇಗಿತ್ತು, ಈಗ ಹೇಗಿದೆ ಎಂಬುದು ಅದರಲ್ಲಿರಲಿ. ‘ದಾಸ್ತಾನು ಗಣಕೀಕರಣದಲ್ಲಿ ಸಕ್ರಿಯವಾಗಿ ಭಾಗವಹಿಸಿದ್ದೇನೆ’ ಎಂಬ ಸಾಲು ವಾರ್ಷಿಕ ಮೌಲ್ಯಮಾಪನದ ಅರ್ಜಿಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ‘ಬೆಳೆಗಾರರಿಗೆ ಲಾಟ್ ಲೆಕ್ಕ ಹೇಳಲು ಅರ್ಧ ದಿನ ಬೇಕಿದ್ದುದು ಈಗ ಹತ್ತು ನಿಮಿಷಕ್ಕೆ ಇಳಿದಿದೆ’ ಎಂಬ ಸಾಲನ್ನು ನಮ್ಮ ಮ್ಯಾನೇಜರ್ ಆಡಳಿತ ಮಂಡಳಿಯ ಸಭೆಯಲ್ಲಿ ತಾವೇ ಓದಿ ಹೇಳಿದರು.

ಮೂರು ಪ್ರಾಜೆಕ್ಟ್ ಮುಗಿಯುವವರೆಗೆ ಹುದ್ದೆಯ ಮಾತೆತ್ತಬೇಡಿ ಎಂಬುದು ನನ್ನ ಅಭಿಪ್ರಾಯ. ಒಂದನ್ನು ಅದೃಷ್ಟ ಎನ್ನಬಹುದು, ಎರಡನ್ನು ಕಾಕತಾಳೀಯ ಎನ್ನಬಹುದು. ಮೂರಾದ ಮೇಲೆ, ಮುಂದಿನ ವರ್ಷದ ಬಜೆಟ್ ನಿರ್ಧಾರವಾಗುವ ಮೊದಲು, ಹೋಗಿ ಕೇಳಿರಿ. ಸಂಬಳವನ್ನು ಮಾತ್ರ ಕೇಳಬೇಡಿ, ಅಧಿಕಾರವನ್ನೂ ಕೇಳಿರಿ. ಇಂತಿಷ್ಟು ರೂಪಾಯಿವರೆಗೆ ಮಂಜೂರು ಮಾಡುವ, ಬೇರೆ ವಿಭಾಗದ ಜನರನ್ನು ನಿಗದಿತ ಹೊತ್ತಿಗೆ ಕೆಲಸಕ್ಕೆ ಹಚ್ಚುವ ಅಧಿಕಾರವಿಲ್ಲದೆ ಪ್ರಾಜೆಕ್ಟ್ ಮ್ಯಾನೇಜರ್ ಎಂಬ ಹೆಸರು ಬಂದರೆ, ಬೈಗುಳ ತಿನ್ನಲು ಒಬ್ಬರನ್ನು ನೇಮಿಸಿಕೊಂಡಂತೆ ಆಗುತ್ತದೆ. ಸಂಸ್ಥೆ ನಡೆಸುವವರು ಇದನ್ನು ಓದುತ್ತಿದ್ದರೆ ಅವರಿಗೂ ಇದೇ ಮಾತು: ತಡವಾಗುತ್ತದೆಂದು ಮುಂಚಿತವಾಗಿ ಹೇಳಿದವರನ್ನು ಒಮ್ಮೆ ಎಲ್ಲರೆದುರು ಗದರಿಸಿದರೆ, ಮುಂದಿನ ವರ್ಷ ನಿಮ್ಮ ಸ್ಟೋರ್ಸ್‌ನಲ್ಲೂ ಯಾರೋ ಪಟ್ಟಿ ನೋಡಿ ಸುಮ್ಮನಿರುತ್ತಾರೆ.

ಪ್ರಮಾಣಪತ್ರದ ವಿಷಯವನ್ನು ಕೊನೆಗಿಟ್ಟಿದ್ದೇನೆ, ಅದರ ಸ್ಥಾನವೂ ಅಲ್ಲಿಯೇ. ಅಮೆರಿಕದಲ್ಲಿ 1969ರಲ್ಲಿ ಆರಂಭವಾದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ 1984ರಿಂದ ಪಿಎಂಪಿ (ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪ್ರೊಫೆಷನಲ್) ಎಂಬ ಪ್ರಮಾಣಪತ್ರ ನೀಡುತ್ತಿದೆ. ಅದಕ್ಕೆ ನಾಲ್ಕು ವರ್ಷದ ಪದವಿ ಇರುವವರಿಗೆ 36 ತಿಂಗಳು ಪ್ರಾಜೆಕ್ಟ್ ಮುನ್ನಡೆಸಿದ ಅನುಭವ, ಡಿಪ್ಲೊಮಾದವರಿಗೆ 60 ತಿಂಗಳ ಅನುಭವ, ಅದರ ಜೊತೆಗೆ 35 ಗಂಟೆಗಳ ತರಬೇತಿ ಬೇಕೆಂಬುದು ಬಹುಕಾಲದಿಂದ ನಡೆದುಬಂದ ನಿಯಮ. ಪಡೆದ ಮೇಲೆ ಮೂರು ವರ್ಷಕ್ಕೊಮ್ಮೆ, ಕಲಿಕೆಯ 60 ಅಂಶಗಳನ್ನು ಗಳಿಸಿ ನವೀಕರಿಸಬೇಕು. ಅನುಭವವಿಲ್ಲದವರಿಗೆ ಅದೇ ಸಂಸ್ಥೆಯ ಸಿಎಪಿಎಂ (ಸರ್ಟಿಫೈಡ್ ಅಸೋಸಿಯೇಟ್ ಇನ್ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್) ಎಂಬ ಪ್ರಮಾಣಪತ್ರ ಇದೆ, ಅದಕ್ಕೆ 23 ಗಂಟೆಗಳ ತರಬೇತಿ ಸಾಕು. ನಿಯಮಗಳು ಆಗಾಗ ಪರಿಷ್ಕರಣೆಯಾಗುವುದರಿಂದ ಶುಲ್ಕ ಕಟ್ಟುವ ಮುನ್ನ ಸಂಸ್ಥೆಯ ಜಾಲತಾಣ ನೋಡಿಕೊಳ್ಳಿ. ಪಿಎಂಪಿ ಅರ್ಜಿಯಲ್ಲಿ ಪ್ರತಿ ಪ್ರಾಜೆಕ್ಟ್‌ನ ಅವಧಿ, ಉದ್ದೇಶ, ನಿಮ್ಮ ಪಾತ್ರ ಮತ್ತು ಫಲಿತಾಂಶವನ್ನು ಬರೆಯಬೇಕಾಗುತ್ತದೆ; ಅರ್ಧ ಪುಟದ ಟಿಪ್ಪಣಿಗಳನ್ನು ಮೊದಲಿನಿಂದ ಇಟ್ಟುಕೊಂಡವರಿಗೆ ಅದು ಒಂದು ಸಂಜೆಯ ಕೆಲಸ, ಇಟ್ಟುಕೊಳ್ಳದವರು ಹಳೆಯ ಇಮೇಲ್‌ಗಳನ್ನು ಕೆದಕುತ್ತ ತಿಂಗಳು ಕಳೆಯುತ್ತಾರೆ. ಶುಲ್ಕವನ್ನು ಸಂಸ್ಥೆಯೇ ಭರಿಸುವುದೇ ಎಂದು ಕೇಳಿ ನೋಡಿರಿ. ನಾನು ಕೇಳಿದ್ದೆ, ಅರ್ಧ ಕೊಟ್ಟರು.

ಕಳೆದ ಬೇಸಿಗೆಯಲ್ಲಿ ನಮ್ಮಲ್ಲಿ ಹೊಸ ಜನರೇಟರ್ ಹಾಕುವ ಕೆಲಸವನ್ನು, ಸೇರಿ ಎರಡು ವರ್ಷವಾದ ಹುಡುಗಿಯೊಬ್ಬಳು ಕೇಳಿ ವಹಿಸಿಕೊಂಡಳು. ‘ಸಾರ್, ಆ ಕಂಪ್ರೆಸರ್ ಹಾಳೆ ಒಂದು ಜೆರಾಕ್ಸ್ ಕೊಡ್ತೀರಾ?’ ಎಂದು ಬಂದಳು. ಕೊಟ್ಟೆ. ಮರುದಿನ ನೋಡಿದರೆ ನನ್ನ ಅಂಕಿಗಳ ಮೇಲೆ ಗೀಟು ಹಾಕಿ ತನ್ನವನ್ನು ಬರೆದು, ಕೆಳಗೆ ‘ಡೀಸೆಲ್ ಟ್ಯಾಂಕ್: ಯಾರು ತರುತ್ತಾರೆ?’ ಎಂದು ಕೆಂಪು ಶಾಯಿಯಲ್ಲಿ ಗುರುತು ಮಾಡಿದ್ದಳು. ಹಾಳೆ ಗೋಡೆಯ ಮೇಲಿತ್ತು.